ಹಳೇ ಕಂಪ್ಯೂಟರಿಗೆ ಹೊಸ ಓಎಸ್: ವಿಂಡೋಸ್ 10 ಬಿಟ್ಟು ಮುಂದಕ್ಕೆ ಹೋಗೋರಿಗೆ ಸಮಗ್ರ ಮಾರ್ಗದರ್ಶಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗೀತು. ಅವತ್ತಿಂದ ಕಂಪ್ಯೂಟರ್ ಏನೂ ನಿಂತೋಗಲ್ಲ, ಆನ್ ಆಗತ್ತೆ, ಎಲ್ಲಾ ಕೆಲಸನೂ ಮಾಡತ್ತೆ, ಆದ್ರೆ ಹೊಸದಾಗಿ ಗೊತ್ತಾಗೋ ತೂತುಗಳನ್ನ ಮುಚ್ಚೋ ಸೆಕ್ಯುರಿಟಿ ಅಪ್‌ಡೇಟ್ ಬರಲ್ಲ, ಅದೇ ಮಷಿನ್ನಲ್ಲಿ ನಾವು ನೆಟ್ ಬ್ಯಾಂಕಿಂಗ್ ಮಾಡ್ತೀವಿ, ಆಧಾರ್ ಪ್ಯಾನ್ ಕಾಪಿ ಇಟ್ಕೊಂಡಿರ್ತೀವಿ, ಹಾಗಾಗಿ ಇದನ್ನ ಹಂಗೇ ಬಿಟ್ಬಿಡೋದು ಸರಿ ಅಲ್ಲ.

ನಮ್ಮ ಕಡೆ ಇಂಥ ಎರಡು ಡೆಸ್ಕ್‌ಟಾಪ್ ಇದ್ವು. ಒಂದು ಅಪ್ಪಂದು, 2014ರಲ್ಲಿ ತಗೊಂಡಿದ್ದು, ಇಂಟೆಲ್ 4ನೇ ಜನರೇಷನ್ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಇನ್ನೊಂದು ಅಕ್ಕನ ಮನೇದು, 2018ರದ್ದು, ಐ3 8100. ಎರಡರಲ್ಲೂ ವಿಂಡೋಸ್ 11 ಈ ಪಿಸಿಗೆ ಆಗಲ್ಲ ಅಂತ ಒಂದೇ ಥರ ಮೆಸೇಜ್ ಬರ್ತಿತ್ತು, ಅಂಗಡಿಯವರೂ ಎರಡಕ್ಕೂ ಹೊಸದೇ ತಗೊಳ್ಳಿ ಅಂದ್ರು. ಆದ್ರೆ ಮೆಸೇಜ್ ಒಂದೇ ಆದ್ರೂ ಕಾರಣ ಬೇರೆ ಬೇರೆ ಇತ್ತು. ಅಕ್ಕನ ಮಷಿನ್ನಿಗೆ ಬೇಕಾಗಿದ್ದು ಬಯಾಸ್‌ನಲ್ಲಿ (ವಿಂಡೋಸಿಗೂ ಮುಂಚೆ ಓಡೋ ಮದರ್‌ಬೋರ್ಡ್ ಸೆಟ್ಟಿಂಗ್ಸ್) ಎರಡು ಮೂರು ಸ್ವಿಚ್ ಬದಲಾಯಿಸೋದು ಅಷ್ಟೇ, ಒಂದು ರೂಪಾಯಿ ಖರ್ಚಿಲ್ಲ. ಅಪ್ಪಂದಕ್ಕೆ ವಿಂಡೋಸ್ 11 ನಿಜವಾಗ್ಲೂ ಆಗಲ್ಲ, ಅದಕ್ಕೆ ಒಂದು ಎಸ್ಎಸ್‌ಡಿ (ತಿರುಗೋ ಭಾಗ ಇಲ್ಲದ ವೇಗದ ಡಿಸ್ಕ್) ಹಾಕಿ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಫ್ರೀ ಆಪರೇಟಿಂಗ್ ಸಿಸ್ಟಮ್ (ಓಎಸ್) ಹಾಕಿದ್ವಿ, ಈಗ ದಿನಾ ಓಡ್ತಿದೆ. ಅದಕ್ಕೇ ನಾನು ಹೇಳೋದು, ಹೊಸದು ತಗೊಳ್ಳೋ ಮುಂಚೆ ನಿಮ್ಮ ಮಷಿನ್ ಈ ಎರಡರಲ್ಲಿ ಯಾವ ಜಾತಿ ಅಂತ ನೀವೇ ನೋಡ್ಕೊಳ್ಳಿ, ಅರ್ಧ ಗಂಟೆ ಸಾಕು.

ಮೊದಲು ಸ್ವಲ್ಪ ಟೈಮ್ ತಗೊಳ್ಳಿ

ಆತುರ ಬೇಡ. ಮನೆ ಬಳಕೆಯವರಿಗೆ ಮೈಕ್ರೋಸಾಫ್ಟ್ ಇಎಸ್‌ಯು (ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್) ಅಂತ ಒಂದು ವ್ಯವಸ್ಥೆ ಕೊಟ್ಟಿದೆ, ಅದಕ್ಕೆ ಸೇರ್ಕೊಂಡ್ರೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಬರ್ತಾ ಇರತ್ತೆ. ನಿಮ್ಮ ವಿಂಡೋಸ್ 10 ಕೊನೇ ವರ್ಷನ್ 22ಎಚ್2 ಆಗಿರ್ಬೇಕು, ಸ್ಟಾರ್ಟ್‌ನಲ್ಲಿ ವಿನ್‌ವರ್ ಅಂತ ಇಂಗ್ಲಿಷಲ್ಲಿ (ಡಬ್ಲ್ಯು, ಐ, ಎನ್, ವಿ, ಇ, ಆರ್) ಟೈಪ್ ಮಾಡಿ ಎಂಟರ್ ಒತ್ತಿದ್ರೆ ಯಾವ್ದು ಅಂತ ಕಾಣತ್ತೆ. ಸೆಟ್ಟಿಂಗ್ಸಲ್ಲಿ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಎನ್‌ರೋಲ್ ಅಂತ ಲಿಂಕ್ ಇರತ್ತೆ, ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ ದುಡ್ಡಿಲ್ಲ. ಬ್ಯಾಕಪ್ ಬೇಡ ಅನ್ನೋರಿಗೆ 1000 ರಿವಾರ್ಡ್ಸ್ ಪಾಯಿಂಟ್ ಇಲ್ಲಾ 30 ಡಾಲರ್ ಅನ್ನೋ ದಾರಿಗಳೂ ಇವೆ. ಮೊದಲು ಇದನ್ನ ಮಾಡಿಟ್ಕೊಳ್ಳಿ, ಆಮೇಲೆ ಒಂದು ಭಾನುವಾರ ನಿಧಾನವಾಗಿ ಕೂತ್ಕೊಂಡು ಉಳಿದಿದ್ದು ಮಾಡಿ. ಇದು ಬರೀ ಗಡುವು ಮುಂದಕ್ಕೆ ಹಾಕೋದು ಅಷ್ಟೇ ಅನ್ನೋದು ನೆನಪಿರ್ಲಿ.

ಬ್ಯಾಕಪ್, ಅದರಲ್ಲೂ ಕನ್ನಡದ ಫೈಲ್‌ಗಳು

ಈ ಹಂತಾನ ಯಾರೂ ಬಿಡ್ಬೇಡಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಇಷ್ಟನ್ನ ಎಲ್ರೂ ಕಾಪಿ ಮಾಡ್ತಾರೆ, ಮರೆಯೋದು ಬೇರೆದನ್ನ: ಬ್ರೌಸರ್‌ನಲ್ಲಿ ಸೇವ್ ಆಗಿರೋ ಪಾಸ್‌ವರ್ಡ್, ಬುಕ್‌ಮಾರ್ಕ್, ಟ್ಯಾಲಿ ಇಟ್ಕೊಂಡಿದ್ರೆ ಅದರ ಡೇಟಾ ಫೋಲ್ಡರ್, ಡಿಜಿಟಲ್ ಸಿಗ್ನೇಚರ್ ಟೋಕನ್ ಇದ್ರೆ ಅದರ ಡ್ರೈವರ್, ಸಿ ಡ್ರೈವ್‌ನಲ್ಲಿ ಯಾವತ್ತೋ ಯಾರೋ ಮಾಡಿಟ್ಟ ನ್ಯೂ ಫೋಲ್ಡರ್‌ಗಳು.

ಕನ್ನಡದಲ್ಲಿ ಟೈಪ್ ಮಾಡಿರೋ ಮನೆಗಳಲ್ಲಿ ಇನ್ನೊಂದು ವಿಷ್ಯ ಇದೆ. ನುಡಿ ಇಲ್ಲಾ ಬರಹ ಸಾಫ್ಟ್‌ವೇರಲ್ಲಿ ಹಳೇ ಆಸ್ಕಿ ಫಾಂಟಲ್ಲಿ ಮಾಡಿರೋ ಫೈಲ್‌ಗಳು ಯೂನಿಕೋಡ್ (ಯಾವ ಮಷಿನ್ನಲ್ಲೂ ಕನ್ನಡ ಕನ್ನಡವಾಗೇ ಇರೋ ಈಗಿನ ಪದ್ಧತಿ) ಅಲ್ಲ, ಆ ಫೈಲ್ ಒಳಗಿರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ, ಫಾಂಟ್ ಅದಕ್ಕೆ ಕನ್ನಡದ ಮುಖ ಕೊಡತ್ತೆ ಅಷ್ಟೇ. ಫಾಂಟ್ ಇಲ್ದೇ ಇರೋ ಮಷಿನ್ನಲ್ಲಿ ತೆಗೆದ್ರೆ ಕನ್ನಡ ಅನ್ನೋ ಮೂರಕ್ಷರದ ಜಾಗದಲ್ಲಿ ಇಂಗ್ಲಿಷ್ ಪಿ, ತಲೆ ಮೇಲೆ ಗೀಟಿರೋ ಎ, ಒಂದು ಪೌಂಡ್ ಗುರುತು, ಮತ್ತೆ ಗೀಟಿರೋ ಎ, ಹೀಗೆ ಕಾಣತ್ತೆ. ಅಪ್ಪ ಸಂಘದ ಸಭೆಯ ನಡಾವಳಿ ಎಲ್ಲಾ ಹತ್ತು ವರ್ಷದಿಂದ ನುಡಿಯಲ್ಲೇ ಮಾಡಿದ್ರು, ಹೊಸ ಓಎಸ್ ಹಾಕಿದ್ಮೇಲೆ ಮೊದಲ ಫೈಲ್ ತೆಗೆದಾಗ ಇಡೀ ಪುಟ ಹಿಂಗೆ ಕಂಡಿದ್ದಕ್ಕೆ ಎಲ್ಲಾ ಹೋಯ್ತು ಅಂತ ಅವರು ಕೂತ್ಬಿಟ್ರು. ಏನೂ ಹೋಗಿರ್ಲಿಲ್ಲ, ಫಾಂಟ್ ಹಾಕಿದ ತಕ್ಷಣ ಅಕ್ಷರ ಬಂತು. ಅದಕ್ಕೇ ಈಗ್ಲೇ ಸಿ ಡ್ರೈವ್, ವಿಂಡೋಸ್, ಫಾಂಟ್ಸ್ ಫೋಲ್ಡರ್ ತೆಗೆದು ಮೇಲೆ ಸರ್ಚಲ್ಲಿ ನುಡಿ ಅಂತ, ಆಮೇಲೆ ಬಿಆರ್‌ಎಚ್ ಅಂತ ಇಂಗ್ಲಿಷಲ್ಲಿ ಹುಡುಕಿ ಸಿಕ್ಕಿದ ಫಾಂಟ್ ಎಲ್ಲಾ ಪೆನ್‌ಡ್ರೈವ್‌ಗೆ ಕಾಪಿ ಮಾಡ್ಕೊಳ್ಳಿ. ಮುಖ್ಯವಾದ ಫೈಲ್‌ಗಳನ್ನ ಪಿಡಿಎಫ್ ಕೂಡ ಮಾಡಿಟ್ಕೊಳ್ಳಿ, ಪಿಡಿಎಫ್ ಒಳಗೆ ಫಾಂಟ್ ಸೇರ್ಕೊಂಡಿರತ್ತೆ, ಎಲ್ಲಿ ತೆಗೆದ್ರೂ ಓದ್ಬೋದು. ಬಿಡುವಿದ್ದಾಗ ಕನ್ವರ್ಟರ್ ಇಟ್ಕೊಂಡು ಯೂನಿಕೋಡ್‌ಗೆ ಬದಲಾಯಿಸ್ಕೊಳ್ಳೋದು ಇನ್ನೂ ಒಳ್ಳೇದು, ಆದ್ರೆ ಬದಲಾದ್ಮೇಲೆ ಅರ್ಕಾವತ್ತು, ಒತ್ತಕ್ಷರ ಇರೋ ಪದಗಳ ಮೇಲೆ ಒಂದು ಸಲ ಕಣ್ಣಾಡಿಸಿ.

ಕಾಪಿ ಆಯ್ತು ಅಂದ್ಮೇಲೆ ಕಾಪಿ ಮಾಡ್ಕೊಂಡ ಪೆನ್‌ಡ್ರೈವ್ ಇಲ್ಲಾ ಹೊರಗಿನ ಡಿಸ್ಕನ್ನ ತೆಗೆದು ಬೇರೆ ಕಂಪ್ಯೂಟರಿಗೆ ಹಾಕಿ, ನಾಲ್ಕು ಫೋಟೋ, ನಾಲ್ಕು ಫೈಲ್ ತೆಗೆದು ನೋಡಿ. ತೆಗೆದು ನೋಡದೇ ಇರೋ ಬ್ಯಾಕಪ್ಪನ್ನ ನಾನು ಬ್ಯಾಕಪ್ ಅಂತ ಲೆಕ್ಕ ಹಿಡಿಯಲ್ಲ.

ಇದೇ ಹೊತ್ತಲ್ಲಿ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಚಿಕ್ಕ ಫ್ರೀ ಸಾಫ್ಟ್‌ವೇರ್ ಹಾಕಿ ಹಾರ್ಡ್ ಡಿಸ್ಕ್ ಆರೋಗ್ಯ ನೋಡಿ. ನೀಲಿ ಬಣ್ಣದಲ್ಲಿ ಗುಡ್ ಅಂತಿದ್ರೆ ಸರಿ, ಹಳದಿಯಲ್ಲಿ ಕಾಷನ್ ಅಂತಿದ್ರೆ ಆ ಡಿಸ್ಕ್ ಮೇಲೆ ಅಪ್‌ಗ್ರೇಡ್ ಮಾಡೋಕೆ ಹೋಗ್ಬೇಡಿ, ಮಧ್ಯದಲ್ಲಿ ಕೈ ಕೊಡೋ ಸಾಧ್ಯತೆ ಜಾಸ್ತಿ.

ನಿಮ್ಮ ಮಷಿನ್ ಯಾವ ಜಾತಿ

ಮೈಕ್ರೋಸಾಫ್ಟ್‌ನವರದ್ದೇ ಪಿಸಿ ಹೆಲ್ತ್ ಚೆಕ್ ಅಂತ ಆ್ಯಪ್ ಇದೆ, ಹಾಕಿ ಓಡ್ಸಿ. ಅದು ಆಗಲ್ಲ ಅಂದ ತಕ್ಷಣ ಮುಚ್ಬೇಡಿ, ಕೆಳಗೆ ಯಾವ್ಯಾವ ಕಾರಣ ಬರೆದಿದೆ ಅಂತ ಓದಿ. ವಿಂಡೋಸ್ 11ಕ್ಕೆ ಬೇಕಾಗಿರೋದು 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಯುಇಎಫ್ಐ (ಬಯಾಸ್‌ನ ಹೊಸ ರೂಪ) ಮತ್ತೆ ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಬೂಟ್ ಆಗೋಕೆ ಬಿಡೋದು), ಟಿಪಿಎಂ 2.0 (ಕೀಗಳನ್ನ ಕಾಪಾಡೋ ಸೆಕ್ಯುರಿಟಿ ವ್ಯವಸ್ಥೆ), ಮತ್ತೆ ಅವರ ಪಟ್ಟಿಯಲ್ಲಿರೋ ಪ್ರೊಸೆಸರ್. ಇಂಟೆಲ್ ಆದ್ರೆ ಹೆಚ್ಚುಕಮ್ಮಿ 8ನೇ ಜನರೇಷನ್ನಿಂದ ಮುಂದಕ್ಕೆ, ಎಎಂಡಿ ಆದ್ರೆ ರೈಜನ್ 2000 ಸರಣಿಯಿಂದ ಮುಂದಕ್ಕೆ ಅಂತ ಇಟ್ಕೊಳ್ಳಿ, ಅಲ್ಲೊಂದು ಇಲ್ಲೊಂದು ಬಿಟ್ಟು. ಐ3 ಆದ್ಮೇಲೆ ಬರೋ ನಂಬರ್ ನೋಡಿ: 4150 ಅಂದ್ರೆ 4ನೇದು, 8100 ಅಂದ್ರೆ 8ನೇದು, 10100 ಅಂದ್ರೆ 10ನೇದು.

ಪ್ರೊಸೆಸರ್ ಪಟ್ಟಿಯಲ್ಲಿದ್ದು ಟಿಪಿಎಂ, ಸೆಕ್ಯೂರ್ ಬೂಟ್ ಎರಡಕ್ಕೆ ಮಾತ್ರ ಕೆಂಪು ಗುರುತು ಬಂದಿದ್ರೆ ಖುಷಿ ಪಡಿ, ನಿಮ್ಮದು ಅಕ್ಕನ ಮಷಿನ್ ಥರ. ಪ್ರೊಸೆಸರ್ರೇ ಪಟ್ಟಿಯಲ್ಲಿಲ್ಲ ಅಂದ್ರೆ ಅಪ್ಪನ ಮಷಿನ್ ಥರ, ಕೆಳಗೆ ಲಿನಕ್ಸ್ ಭಾಗಕ್ಕೆ ಹೋಗಿ.

ಪಟ್ಟಿಯಲ್ಲಿಲ್ಲದ ಮಷಿನ್ನಿಗೂ ರೂಫಸ್ ಅನ್ನೋ ಟೂಲ್ ಇಟ್ಕೊಂಡು ಈ ಚೆಕ್ ತಪ್ಪಿಸಿ ವಿಂಡೋಸ್ 11 ಹಾಕ್ಬೋದು, ತುಂಬಾ ಜನ ಹಾಕ್ತಾರೆ. ನಾನು ಮನೆಯವರ ಕಂಪ್ಯೂಟರಿಗೆ ಹಾಕಲ್ಲ. ಅಂಥ ಮಷಿನ್ನಿಗೆ ಅಪ್‌ಡೇಟ್ ಕೊಡೋ ಖಾತ್ರಿ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ, ವರ್ಷಕ್ಕೊಮ್ಮೆ ಬರೋ ದೊಡ್ಡ ವರ್ಷನ್ ತಾನಾಗೇ ಬರಲ್ಲ, ಪ್ರತಿ ಸಲ ಯಾರೋ ಒಬ್ರು ಕೂತು ಮಾಡ್ಕೊಡ್ಬೇಕು, ನಾವು ಊರಲ್ಲಿಲ್ದೇ ಇದ್ದಾಗ ಅಪ್ಪ ಅಮ್ಮ ಏನು ಮಾಡ್ತಾರೆ. ತೀರಾ ಹಳೇ ಕೋರ್ 2 ಡ್ಯುಯೋ ಕಾಲದ್ದಾದ್ರೆ ವಿಂಡೋಸ್ 11ರ 24ಎಚ್2 ವರ್ಷನ್ನಿಂದ ಈಚೆಗೆ ಬೂಟೇ ಆಗಲ್ಲ, ಅದರ ಪ್ರೊಸೆಸರಲ್ಲಿ ಈಗ ಬೇಕಾಗಿರೋ ಪಾಪ್‌ಸಿಎನ್‌ಟಿ ಅನ್ನೋ ಇನ್‌ಸ್ಟ್ರಕ್ಷನ್ ಇಲ್ಲ.

ಅಕ್ಕನ ಮಷಿನ್: ಬಯಾಸ್ ಸರಿಮಾಡಿ ವಿಂಡೋಸ್ 11

ಸ್ಟಾರ್ಟ್‌ನಲ್ಲಿ ಸಿಸ್ಟಮ್ ಇನ್ಫರ್ಮೇಷನ್ ಅಂತ ಹುಡುಕಿ ತೆಗೀರಿ. ಬಲಗಡೆ ಬಯಾಸ್ ಮೋಡ್ ಅಂತ ಸಾಲಿದೆ, ಅಲ್ಲಿ ಯುಇಎಫ್ಐ ಅಂತಿದ್ರೆ ಕೆಲಸ ಸಲೀಸು, ಲೆಗಸಿ ಅಂತಿದ್ರೆ ಒಂದು ಹೆಜ್ಜೆ ಜಾಸ್ತಿ. ಅಕ್ಕನ ಮನೇಲಿ ಲೆಗಸಿ ಇತ್ತು, ಜೋಡಿಸಿಕೊಟ್ಟವರು ವಿಂಡೋಸ್ ಹಾಕುವಾಗ ಹಳೇ ಪದ್ಧತಿಯಲ್ಲೇ ಹಾಕಿದ್ರು.

ಇಲ್ಲಿ ನಾನು ಮಾಡಿದ ತಪ್ಪು ನೀವು ಮಾಡ್ಬೇಡಿ. ನಾನು ಮೊದಲು ಬಯಾಸ್‌ಗೆ ಹೋಗಿ ಲೆಗಸಿ ತೆಗೆದು ಯುಇಎಫ್ಐ ಮಾಡಿ ಸೆಕ್ಯೂರ್ ಬೂಟ್ ಆನ್ ಮಾಡ್ಬಿಟ್ಟೆ, ರೀಸ್ಟಾರ್ಟ್ ಆದ್ಮೇಲೆ ಕಪ್ಪು ಪರದೆ ಮೇಲೆ ಬೂಟ್ ಡಿವೈಸ್ ಇಲ್ಲ ಅಂತ ಒಂದೇ ಸಾಲು. ಅಕ್ಕನ ಮಗಳ ಪ್ರಾಜೆಕ್ಟ್ ಅದರಲ್ಲೇ ಇತ್ತು, ಆ ಹತ್ತು ನಿಮಿಷ ನನಗೆ ಕೈಕಾಲೇ ಆಡ್ಲಿಲ್ಲ. ಡಿಸ್ಕ್ ಇನ್ನೂ ಹಳೇ ಎಂಬಿಆರ್ ವಿಭಾಗ ಪದ್ಧತಿಯಲ್ಲಿತ್ತು, ಯುಇಎಫ್ಐಗೆ ಜಿಪಿಟಿ ಬೇಕು, ಕಾರಣ ಅಷ್ಟೇ. ಬಯಾಸ್‌ಗೆ ವಾಪಸ್ ಹೋಗಿ ಲೆಗಸಿ ಮಾಡಿದ್ರೆ ಹಳೇ ವಿಂಡೋಸ್ ಮತ್ತೆ ಬಂತು. ನಿಮಗೂ ಹಂಗಾದ್ರೆ ಗಾಬರಿ ಬೇಡ, ಬದಲಾಯಿಸಿದ್ದನ್ನ ವಾಪಸ್ ಹಾಕಿ.

ಸರಿಯಾದ ಕ್ರಮ ಇದು. ಮೊದಲು ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ಆನ್ ಇದೆಯಾ ನೋಡಿ, ಇದ್ರೆ ಅದರ 48 ಅಂಕಿಯ ರಿಕವರಿ ಕೀ ಪೇಪರಲ್ಲಿ ಬರೆದಿಟ್ಕೊಂಡು ಸಸ್ಪೆಂಡ್ ಮಾಡಿ, ಇಲ್ಲಾಂದ್ರೆ ಬಯಾಸ್ ಮುಟ್ಟಿದ ತಕ್ಷಣ ಆ ಕೀ ಕೇಳತ್ತೆ. ಆಮೇಲೆ ಕಮಾಂಡ್ ಪ್ರಾಂಪ್ಟನ್ನ ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆಗೀರಿ. ಫೋನಲ್ಲಿ ಓದಿ ಹೇಳೋ ಹಂಗೆ ಹೇಳ್ತೀನಿ, ಎಲ್ಲಾ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಿ: ಎಂ, ಬಿ, ಆರ್, ಅಂಕಿ 2, ಜಿ, ಪಿ, ಟಿ, ಇಷ್ಟೂ ಅಂಟಿಸಿ. ಒಂದು ಸ್ಪೇಸ್. ಸ್ಲ್ಯಾಶ್ ಹಾಕಿ ವ್ಯಾಲಿಡೇಟ್. ಮತ್ತೊಂದು ಸ್ಪೇಸ್. ಸ್ಲ್ಯಾಶ್ ಹಾಕಿ ಅಲೋ, ಫುಲ್, ಓಎಸ್ ಮೂರೂ ಅಂಟಿಸಿ. ಎಂಟರ್. ಇದು ಡಿಸ್ಕಿಗೆ ಏನೂ ಮಾಡಲ್ಲ, ಬದಲಾಯಿಸೋಕೆ ಆಗತ್ತಾ ಅಂತ ಪರೀಕ್ಷೆ ಮಾಡತ್ತೆ ಅಷ್ಟೇ. ಕೊನೇಲಿ ವ್ಯಾಲಿಡೇಷನ್ ಕಂಪ್ಲೀಟೆಡ್ ಸಕ್ಸಸ್‌ಫುಲಿ ಅಂತ ಬಂದ್ರೆ ಅದೇ ಕಮಾಂಡಲ್ಲಿ ವ್ಯಾಲಿಡೇಟ್ ಜಾಗಕ್ಕೆ ಕನ್ವರ್ಟ್ ಅಂತ ಹಾಕಿ ಮತ್ತೆ ಕೊಡಿ, ಡೇಟಾ ಇದ್ದಲ್ಲೇ ಇರತ್ತೆ, ಒಂದೆರಡು ನಿಮಿಷದ ಕೆಲಸ. ಆ ಡಿಸ್ಕಲ್ಲಿ ಪ್ರೈಮರಿ ಪಾರ್ಟಿಷನ್ ನಾಲ್ಕು ಇದ್ರೆ ವ್ಯಾಲಿಡೇಷನ್ ಫೇಲ್ ಆಗತ್ತೆ, ಮೂರರ ಒಳಗಿರ್ಬೇಕು.

ಕನ್ವರ್ಟ್ ಆದ್ಮೇಲೆ ರೀಸ್ಟಾರ್ಟ್ ಮಾಡಿ ಬಯಾಸ್‌ಗೆ ಹೋಗಿ, ಹೆಚ್ಚಿನ ಮದರ್‌ಬೋರ್ಡಲ್ಲಿ ಡಿಲೀಟ್ ಇಲ್ಲಾ ಎಫ್2 ಕೀ, ಆನ್ ಆಗ್ತಿದ್ದಂಗೆ ಟಪಟಪ ಅಂತ ಒತ್ತುತಾ ಇರಿ. ಅಲ್ಲಿ ಸಿಎಸ್‌ಎಂ (ಹಳೇ ಲೆಗಸಿ ಬೂಟಿಗೆ ಅವಕಾಶ ಕೊಡೋದು) ಅಂತ ಇರತ್ತೆ, ಅದನ್ನ ಡಿಸೇಬಲ್ ಮಾಡಿ. ಟಿಪಿಎಂ ಅನ್ನೋ ಹೆಸರಲ್ಲಿ ಹುಡುಕಿದ್ರೆ ಸಿಗದೇ ಇರ್ಬೋದು, ಇಂಟೆಲ್ ಬೋರ್ಡಲ್ಲಿ ಅದನ್ನ ಪಿಟಿಟಿ ಅಂತಾರೆ, ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತಾರೆ, ಅದನ್ನ ಎನೇಬಲ್ ಮಾಡಿ. ಆಮೇಲೆ ಸೆಕ್ಯೂರ್ ಬೂಟ್ ಎನೇಬಲ್. ಮಾಡೋ ಮುಂಚೆ ಪ್ರತಿ ಪುಟಾನೂ ಮೊಬೈಲಲ್ಲಿ ಫೋಟೋ ಹೊಡ್ಕೊಳ್ಳಿ, ಮೊದಲು ಏನಿತ್ತು ಅಂತ ಆಮೇಲೆ ಬೇಕಾಗತ್ತೆ. ಸೇವ್ ಮಾಡಿ ಹೊರಗೆ ಬಂದ್ರೆ ಅದೇ ಹಳೇ ವಿಂಡೋಸ್ 10 ಬರತ್ತೆ, ಆದ್ರೆ ಹೆಲ್ತ್ ಚೆಕ್ ಮತ್ತೆ ಓಡ್ಸಿದ್ರೆ ಈಗ ಎಲ್ಲಾ ಹಸಿರು. ಅಕ್ಕನ ಮನೇಲಿ ಅದು ಹಸಿರಾಗಿದ್ದು ನೋಡಿದಾಗ ಆದ ಸಮಾಧಾನ ನಂಗಿನ್ನೂ ನೆನಪಿದೆ.

ಇನ್ನು ಅಪ್‌ಗ್ರೇಡ್. ವಿಂಡೋಸ್ ಅಪ್‌ಡೇಟಲ್ಲೇ ಬಂದ್ರೆ ಅಲ್ಲಿಂದ, ಇಲ್ಲಾಂದ್ರೆ ಮೈಕ್ರೋಸಾಫ್ಟ್ ಸೈಟಿಂದ ವಿಂಡೋಸ್ 11 ಇನ್‌ಸ್ಟಾಲೇಷನ್ ಅಸಿಸ್ಟೆಂಟ್ ಇಳಿಸ್ಕೊಳ್ಳಿ. ಸಿ ಡ್ರೈವಲ್ಲಿ 30 ಜಿಬಿಯಷ್ಟಾದ್ರೂ ಖಾಲಿ ಇರ್ಲಿ. ಪ್ರಿಂಟರ್, ಪೆನ್‌ಡ್ರೈವ್, ವೆಬ್‌ಕ್ಯಾಮ್ ಎಲ್ಲಾ ಕಿತ್ತಿಡಿ, ಬೇರೆ ಕಂಪನಿ ಆ್ಯಂಟಿವೈರಸ್ ಇದ್ರೆ ತೆಗೆದುಹಾಕಿ. ಕರೆಂಟ್ ಬಗ್ಗೆ ಯೋಚ್ನೆ ಮಾಡಿ ಶುರು ಮಾಡಿ, ಯುಪಿಎಸ್ ಇಲ್ದೇ ಇರೋ ಮನೇಲಿ ಲೋಡ್ ಶೆಡ್ಡಿಂಗ್ ಟೈಮಿಗೆ ಸರಿಯಾಗಿ ಶುರು ಮಾಡಿದ್ರೆ ಅನ್ಯಾಯವಾಗಿ ತೊಂದ್ರೆಗೆ ಸಿಕ್ಕಾಕೊಳ್ತೀರಿ. ಹಾರ್ಡ್ ಡಿಸ್ಕ್ ಇರೋ ಮಷಿನ್ ಆದ್ರೆ ಮೂರು ನಾಲ್ಕು ಗಂಟೆ ಹಿಡಿದ್ರೂ ಹಿಡೀತು, ಒಂದೇ ಪರ್ಸೆಂಟಲ್ಲಿ ನಿಂತ ಹಂಗೆ ಕಾಣತ್ತೆ, ಆಫ್ ಮಾಡ್ಬೇಡಿ. ಲೈಸೆನ್ಸ್ ಬಗ್ಗೆ ಚಿಂತೆ ಬೇಡ, ವಿಂಡೋಸ್ 10 ಸರಿಯಾಗಿ ಆ್ಯಕ್ಟಿವೇಟ್ ಆಗಿದ್ರೆ 11ಕ್ಕೂ ಅದೇ ಸಾಕು, ಹೋಮ್ ಇದ್ರೆ ಹೋಮ್, ಪ್ರೊ ಇದ್ರೆ ಪ್ರೊ. 32 ಬಿಟ್ ವಿಂಡೋಸ್ 10 ಇದ್ರೆ ಮಾತ್ರ ಹಿಂಗೆ ಮೇಲೆ ಮೇಲೆ ಹಾಕೋಕಾಗಲ್ಲ, ಕ್ಲೀನ್ ಇನ್‌ಸ್ಟಾಲ್ ಒಂದೇ ದಾರಿ.

ಹೊಸದು ಹಿಡಿಸ್ಲಿಲ್ಲ, ಯಾವ್ದೋ ಸಾಫ್ಟ್‌ವೇರ್ ಓಡ್ತಿಲ್ಲ ಅಂದ್ರೆ 10 ದಿನದ ಒಳಗೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಗೆ ಹೋಗಿ ಗೋ ಬ್ಯಾಕ್ ಒತ್ತಿದ್ರೆ ಹಳೇದೇ ವಾಪಸ್ ಬರತ್ತೆ. ಆ ಹತ್ತು ದಿನ ಡಿಸ್ಕ್ ಕ್ಲೀನಪ್ ಮಾಡಿ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್ ಅಳಿಸ್ಬೇಡಿ. ಮನೇಲಿ ಬಳಸೋದೆಲ್ಲಾ, ಪ್ರಿಂಟರ್, ಟ್ಯಾಲಿ, ಟೋಕನ್, ನುಡಿ, ಆ ಹತ್ತು ದಿನದಲ್ಲೇ ಒಂದೊಂದ್ಸಲ ಓಡ್ಸಿ ನೋಡ್ಬಿಡಿ. ಕನ್ನಡ ಟೈಪಿಂಗಿಗೆ ಲ್ಯಾಂಗ್ವೇಜ್ ಸೆಟ್ಟಿಂಗಲ್ಲಿ ಕನ್ನಡ ಸೇರಿಸಿ ಫೊನೆಟಿಕ್ ಕೀಬೋರ್ಡ್ ಹಾಕ್ಕೊಂಡ್ರೆ ಬೇರೆ ಸಾಫ್ಟ್‌ವೇರ್ ಇಲ್ದೇನೂ ಆಗತ್ತೆ. ಹಳೇ ಫೈಲಲ್ಲಿ ತುಂಗಾ ಫಾಂಟ್ ಬಳಸಿದ್ರೆ ಆಪ್ಷನಲ್ ಫೀಚರ್ಸಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಅಂತ ಇದೆ, ಅದನ್ನ ಹಾಕ್ಕೊಳ್ಳಿ.

ಅಪ್ಪನ ಮಷಿನ್: ಎಸ್ಎಸ್‌ಡಿ ಮತ್ತೆ ಲಿನಕ್ಸ್ ಮಿಂಟ್

ಹತ್ತು ವರ್ಷದ ಮಷಿನ್ ನಿಧಾನ ಅನ್ಸೋಕೆ ಪ್ರೊಸೆಸರಿಗಿಂತ ಹೆಚ್ಚಿನ ಕಾರಣ ತಿರುಗೋ ಹಾರ್ಡ್ ಡಿಸ್ಕ್. ಹಾಗಾಗಿ ದುಡ್ಡು ಹಾಕೋದಿದ್ರೆ ಮೊದಲು 2.5 ಇಂಚಿನ ಸಾಟಾ ಎಸ್ಎಸ್‌ಡಿಗೆ ಹಾಕಿ, 240 ಜಿಬಿ ಮನೆಗೆ ಧಾರಾಳ. ಆಮೇಲೆ ರ‍್ಯಾಮ್, 4 ಇದ್ರೆ 8 ಮಾಡಿ. 4ನೇ ಜನರೇಷನ್ನಿಗೆ ಡಿಡಿಆರ್3 ಬೇಕು, ಡಿಡಿಆರ್4 ಸ್ಲಾಟಿಗೇ ಕೂರಲ್ಲ, ಡೆಸ್ಕ್‌ಟಾಪಿಂದು ಉದ್ದ ಲ್ಯಾಪ್‌ಟಾಪಿಂದು ಗಿಡ್ಡ, ಹಳೇ ಕಡ್ಡೀನ ಕಿತ್ಕೊಂಡು ಅಂಗಡಿಗೆ ಹೋಗಿ ತೋರಿಸಿ ತಂದ್ರೆ ತಪ್ಪಾಗಲ್ಲ.

ಲಿನಕ್ಸ್ ಮಿಂಟ್ ಯಾಕೆ ಅಂದ್ರೆ ಕೆಳಗೆ ಟಾಸ್ಕ್‌ಬಾರ್, ಎಡಗಡೆ ಮೆನು, ವಿಂಡೋಸ್ ಬಳಸಿದವರಿಗೆ ಹೊಸ ಊರು ಅನ್ಸಲ್ಲ. 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಕನಿಷ್ಠ 2 ಜಿಬಿ ರ‍್ಯಾಮ್ ಅಂತಾರೆ, 4 ಇದ್ರೆ ಆರಾಮ. ರ‍್ಯಾಮ್ ಕಮ್ಮಿ ಇರೋರು ಎಕ್ಸ್‌ಎಫ್‌ಸಿಇ ಅನ್ನೋ ಹಗುರವಾದ ಆವೃತ್ತಿ ತಗೊಳ್ಳಿ, ಉಳಿದವರು ಸಿನಮನ್ ಆವೃತ್ತಿ.

ಐಎಸ್‌ಒ ಫೈಲ್ (ಇಡೀ ಓಎಸ್ ಒಂದೇ ಫೈಲಲ್ಲಿ ಇರೋದು) ಮಿಂಟ್ ಸೈಟಿಂದ ಇಳಿಸಿ 8 ಜಿಬಿ ಪೆನ್‌ಡ್ರೈವಿಗೆ ರೂಫಸ್ ಇಲ್ಲಾ ಎಚರ್ ಇಟ್ಕೊಂಡು ಬರೀರಿ, ಪೆನ್‌ಡ್ರೈವಲ್ಲಿ ಇರೋದೆಲ್ಲಾ ಅಳಿಸೋಗತ್ತೆ, ಹಾಗಾಗಿ ಬ್ಯಾಕಪ್ ಇರೋ ಪೆನ್‌ಡ್ರೈವ್ ಇದಕ್ಕೆ ಬಳಸ್ಬೇಡಿ. ಪೆನ್‌ಡ್ರೈವಿಂದ ಬೂಟ್ ಮಾಡಿದ್ರೆ ಡಿಸ್ಕಿಗೆ ಏನೂ ಹಾಕದೇ ಮಿಂಟ್ ಓಡತ್ತೆ. ಇಲ್ಲೇ ಅರ್ಧ ದಿನ ಕೂತು ನೋಡಿ: ವೈಫೈ ಸಿಗ್ತಾ, ಸೌಂಡ್ ಬರ್ತಾ, ಮುಖ್ಯವಾಗಿ ಪ್ರಿಂಟರ್. ನಮ್ಮ ಕಡೆ ಮನೆ ಮನೇಲಿ, ಜೆರಾಕ್ಸ್ ಅಂಗಡೀಲಿ ಇರೋ ಕ್ಯಾನನ್ ಎಲ್‌ಬಿಪಿ 2900 ಥರದ್ದು ಲಿನಕ್ಸಲ್ಲಿ ಸುಲಭಕ್ಕೆ ಬಗ್ಗಲ್ಲ, ಎಚ್‌ಪಿಯ ಕೆಲವು ಲೇಸರ್‌ಗಳಿಗೆ ಎಚ್‌ಪಿಲಿಪ್ ಅನ್ನೋ ಡ್ರೈವರ್ ಜೊತೆ ಒಂದು ಪ್ಲಗಿನ್ ಬೇಕು. ಟ್ಯಾಲಿ, ಡಿಜಿಟಲ್ ಸಿಗ್ನೇಚರ್, ವಿಂಡೋಸಿಗೇ ಮಾಡಿರೋ ಸಾಫ್ಟ್‌ವೇರ್ ಮೇಲೆ ನಿಮ್ಮ ಜೀವನ ನಡೀತಿದ್ರೆ ಮಿಂಟ್ ಬೇಡ, ಇಎಸ್‌ಯು ಹಾಕ್ಕೊಂಡು ಅದು ಮುಗಿಯೋದ್ರೊಳಗೆ ಬೇರೆ ಮಷಿನ್ನಿಗೆ ದುಡ್ಡು ಕೂಡಿಸ್ಕೊಳ್ಳಿ. ಬ್ರೌಸರ್, ಮೇಲ್, ಪತ್ರ ಟೈಪಿಂಗ್, ವಿಡಿಯೋ, ಫೋಟೋ ಇಷ್ಟೇ ಅಂದ್ರೆ ಕಣ್ಮುಚ್ಕೊಂಡು ಹಾಕ್ಬೋದು.

ಇನ್‌ಸ್ಟಾಲ್ ಮಾಡೋವಾಗ ನಾನು ಪಾಲಿಸೋ ಒಂದು ಪದ್ಧತಿ ಇದೆ. ಹಳೇ ವಿಂಡೋಸನ್ನ ಕೊನೇ ಸಲ ಶಿಫ್ಟ್ ಒತ್ತಿ ಹಿಡ್ಕೊಂಡು ಶಟ್‌ಡೌನ್ ಮಾಡಿ, ಆಗ ಫಾಸ್ಟ್ ಸ್ಟಾರ್ಟಪ್ ಇಲ್ದೇ ಪೂರ್ತಿ ಆಫ್ ಆಗತ್ತೆ, ಇಲ್ಲಾಂದ್ರೆ ಮಿಂಟಲ್ಲಿ ಆ ಡಿಸ್ಕ್ ಓದೋಕೆ ಮಾತ್ರ ತೆರೆಯತ್ತೆ, ಬರೆಯೋಕಾಗಲ್ಲ. ಪವರ್ ಪ್ಲಗ್ ಕಿತ್ತು, ಕ್ಯಾಬಿನೆಟ್ ತೆಗೆದು, ಕಬ್ಬಿಣದ ಭಾಗ ಒಂದ್ಸಲ ಮುಟ್ಟಿ, ಹಳೇ ಹಾರ್ಡ್ ಡಿಸ್ಕಿನ ಎರಡೂ ಕೇಬಲ್ ಕಿತ್ತು ಅವನ್ನೇ ಎಸ್ಎಸ್‌ಡಿಗೆ ಹಾಕಿ. ಈಗ ಒಳಗೆ ಇರೋದು ಖಾಲಿ ಎಸ್ಎಸ್‌ಡಿ ಒಂದೇ, ಇನ್‌ಸ್ಟಾಲರ್ ಡಿಸ್ಕ್ ಅಳಿಸ್ಲಾ ಅಂತ ಕೇಳಿದಾಗ ಹೂಂ ಅನ್ನೋಕೆ ಭಯ ಇಲ್ಲ, ತಪ್ಪಿ ಅಪ್ಪನ ಹತ್ತು ವರ್ಷದ ಕೆಲಸ ಅಳಿಸೋ ದಾರಿನೇ ಇರಲ್ಲ. ಕ್ಯಾಬಿನೆಟ್ ತೆಗೆದಿದ್ದಾಗಲೇ ಧೂಳು ಬ್ರಷ್ಷಲ್ಲಿ ತೆಗೆದು, ಮದರ್‌ಬೋರ್ಡ್ ಮೇಲಿನ ಸಿಆರ್2032 ಬಿಲ್ಲೆ ಸೆಲ್ ಹೊಸದು ಹಾಕಿ. ಹತ್ತು ವರ್ಷದ ಸೆಲ್ ಸತ್ತಿದ್ರೆ ಆನ್ ಮಾಡ್ದಾಗೆಲ್ಲಾ ಡೇಟ್ ಹಿಂದಕ್ಕೆ ಹೋಗತ್ತೆ, ಡೇಟ್ ತಪ್ಪಾದ್ರೆ ಬ್ಯಾಂಕ್ ಸೈಟ್ ಸುರಕ್ಷಿತ ಅಲ್ಲ ಅಂತ ಬ್ರೌಸರ್ ಒಳಗೇ ಬಿಡಲ್ಲ, ಜನ ವೈರಸ್ ಅಂದ್ಕೊಳ್ತಾರೆ.

ಇನ್‌ಸ್ಟಾಲ್ 20 ನಿಮಿಷದ ಮಾತು. ಭಾಷೆ, ಟೈಮ್ ಝೋನಿಗೆ ಕೋಲ್ಕತಾ, ಹೆಸರು, ಪಾಸ್‌ವರ್ಡ್, ಮಲ್ಟಿಮೀಡಿಯಾ ಕೋಡೆಕ್ಸ್ ಅನ್ನೋದಕ್ಕೆ ಟಿಕ್, ಅಷ್ಟೇ. ಮುಗಿದ್ಮೇಲೆ ಅಪ್‌ಡೇಟ್ ಮ್ಯಾನೇಜರ್ ತೆಗೆದು ಎಲ್ಲಾ ಅಪ್‌ಡೇಟ್ ಹಾಕಿ, ಟೈಮ್‌ಶಿಫ್ಟ್ ಅಂತ ಇದೆ, ಅದರಲ್ಲಿ ಸ್ನ್ಯಾಪ್‌ಶಾಟ್ ಇಟ್ಕೊಳ್ಳಿ, ನಾಳೆ ಏನಾದ್ರೂ ಕೆಟ್ರೆ ಆ ದಿನಕ್ಕೆ ವಾಪಸ್ ಹೋಗ್ಬೋದು.

ಕನ್ನಡಕ್ಕೆ ಕೀಬೋರ್ಡ್ ಸೆಟ್ಟಿಂಗಲ್ಲಿ ಲೇಔಟ್ ಸೇರಿಸೋ ಕಡೆ ಕನ್ನಡ ಅಂತ ಹುಡುಕಿದ್ರೆ ಕಗಪ ಫೊನೆಟಿಕ್ ಅಂತ ಒಂದು ಸಿಗತ್ತೆ, ನುಡಿಯಲ್ಲಿ ಕೈ ಪಳಗಿದವರಿಗೆ ಅದೇ ವಿನ್ಯಾಸ. ಅಪ್ಪನಿಗೆ ಇದನ್ನ ಹಾಕ್ಕೊಟ್ಟಾಗ ಕೀಬೋರ್ಡ್ ನೋಡದೇ ಒಂದು ಸಾಲು ಟೈಪ್ ಮಾಡಿ, ಅಕ್ಷರ ಅದೇ ಜಾಗದಲ್ಲಿದೆ ಕಣೋ ಅಂದ್ರು. ಕಾಪಿ ಮಾಡಿಟ್ಕೊಂಡಿದ್ದ ನುಡಿ ಫಾಂಟ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಟ್ರೆ ಮಿಂಟ್ ಜೊತೆ ಬರೋ ಲಿಬ್ರೆ ಆಫೀಸಲ್ಲಿ ಹಳೇ ನಡಾವಳಿಗಳೂ ತೆರೆಯತ್ತೆ.

ಎಲ್ಲಾ ಸರಿ ಇದೆ ಅಂದ್ಮೇಲೆ ಮಷಿನ್ ಆಫ್ ಮಾಡಿ ಎಸ್ಎಸ್‌ಡಿ ಪಕ್ಕ ಹಳೇ ಹಾರ್ಡ್ ಡಿಸ್ಕನ್ನೂ ಜೋಡಿಸಿ, ಸಾಟಾ ಕೇಬಲ್ ಇನ್ನೊಂದು ಬೇಕಾಗತ್ತೆ. ಬೂಟ್ ಆರ್ಡರಲ್ಲಿ ಎಸ್ಎಸ್‌ಡಿ ಮೊದಲು ಇರ್ಲಿ. ಹಳೇ ಡಿಸ್ಕಿನ ವಿಂಡೋಸನ್ನ ಒಂದೆರಡು ತಿಂಗಳು ಹಂಗೇ ಬಿಡಿ, ಫಾರ್ಮ್ಯಾಟ್ ಮಾಡ್ಬೇಡಿ, ಯಾವ್ದೋ ಒಂದು ಪಾಸ್‌ವರ್ಡ್, ಯಾವ್ದೋ ಫೋಲ್ಡರ್ ಮೂರನೇ ವಾರ ನೆನಪಾಗತ್ತೆ. ನಮ್ಮಪ್ಪನಿಗೆ ನೆನಪಾಗಿದ್ದು ಅಮ್ಮನ ಅಡುಗೆ ಪಟ್ಟಿಯ ಫೈಲ್, ಡಿ ಡ್ರೈವಲ್ಲಿ ಅವರೇ ಬಚ್ಚಿಟ್ಟಂಗೆ ಇಟ್ಟಿದ್ರು, ಸಿಕ್ತು.